ಕಾವ್ಯದ ಕಡಲೂ ಕಾಂಡ್ಲಾ ಕಾಡೂ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅಂಗಗಳೆಂದು ಲಾಕ್ಷಣಿಕರು ವಿಧಿಸಿದ್ದಾರೆ. ದಂಡಿಯ ಕಾವ್ಯಾದರ್ಶದಲ್ಲಿ ನಗರವಾದ ಒಡನೆಯೇ ಬರುವುದು ಕಡಲು. ಬೆಟ್ಟ, ಋತು, ಚಂದ್ರೋದಯ, ಸೂರ್ಯೋದಯಗಳೆಲ್ಲ ಅದರ ಹಿಂದಿನವು. ವರ್ಣಿಸುವವನು ಕಡಲನ್ನು ಕಂಡಿರಬೇಕೆಂಬ ನಿಯಮ ಮಾತ್ರ ಅಲ್ಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವಣ ನಾಡೆಂದು ಗುರುತಿಸಿ, ಎಲ್ಲೆಗೆ ಎರಡು ನದಿಗಳನ್ನೇ ಹೆಸರಿಸಿತು. ಹಳೆಯ ಕವಿಗಳಲ್ಲಿ ಹೆಚ್ಚಿನವರು ಘಟ್ಟದ ಮೇಲಣವರು. ಹೀಗಿರಲು ಅವರ ಕಡಲು ಓದಿನಿಂದ ಬಂದ ಕಡಲೆಂಬುದರಲ್ಲಿ ಆಶ್ಚರ್ಯವೂ ಇಲ್ಲ, ದೋಷವೂ ಇಲ್ಲ. ವಿಚಾರಾರ್ಹವಾದದ್ದು ಬೇರೆ. ಓದಿನಿಂದ ಬಂದ ಆ ಕಡಲು ಏನನ್ನು ಕಾಣಿಸಿತು, ಏನನ್ನು ಮರೆಸಿತು ಎಂಬುದು.

ಈ ಪ್ರಶ್ನೆ ತುಮಕೂರು, ಗುಬ್ಬಿ, ಕುಣಿಗಲುಗಳ ಸೀಮೆಯಲ್ಲಿ ಸಾಹಿತ್ಯವನ್ನು ಬೋಧಿಸುವವರಿಗೆ ವಿಶೇಷವಾಗಿ ಎದುರಾಗುತ್ತದೆ. ಈ ಸೀಮೆ ಕಾವ್ಯಕ್ಕೆ ಹೊಸದಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಭಾವಚಿಂತಾರತ್ನವನ್ನೂ ವೀರಶೈವಾಮೃತಪುರಾಣವನ್ನೂ ರಚಿಸಿದ ಮಲ್ಲಣಾರ್ಯನ ಹೆಸರಿಗೆ ಗುಬ್ಬಿಯ ಹೆಸರು ಅಂಟಿಕೊಂಡಿದೆ. ಆದರೆ ಕಡಲಿಗೆ ಇದು ದೂರ. ಇಲ್ಲಿ ಬಿದ್ದ ಮಳೆಯ ಒಂದು ಹನಿಯೂ ಪಡುವಣ ಕಡಲಿಗೆ ಹರಿಯುವುದಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಕಾವೇರಿಯನ್ನು ಕೂಡುತ್ತದೆ. ಜಯಮಂಗಲಿ ಉತ್ತರಪಿನಾಕಿನಿಯನ್ನು ಕೂಡುತ್ತದೆ. ಇಲ್ಲಿನ ವಿದ್ಯಾರ್ಥಿ ಸಮುದ್ರವರ್ಣನೆಯ ಪದ್ಯವನ್ನು ಓದುವಾಗ ಅವನ ಮನಸ್ಸಿನಲ್ಲಿ ಏಳುವ ನೀರು ಅಮಾನಿಕೆರೆಯದು, ಇಲ್ಲವೆ ಕುಣಿಗಲ ದೊಡ್ಡಕೆರೆಯದು. ಉಪಾಧ್ಯಾಯರು ಇದನ್ನು ಅಜ್ಞಾನವೆಂದು ಭಾವಿಸಿ ತಿದ್ದಲು ಹೊರಡುವುದುಂಟು. ಕೆರೆಯನ್ನು ಅರಿತ ಆ ಕಣ್ಣೇ ಕಡಲಂಚನ್ನು ಓದುವುದಕ್ಕೆ ತಕ್ಕ ಕಣ್ಣೆಂದು ಹೇಳಲು ಆಧಾರಗಳುಂಟು.

ಸಂಪ್ರದಾಯದ ಕಡಲಿನ ಲಕ್ಷಣಗಳು ವಿದಿತವೇ ಆಗಿವೆ. ಅದು ರತ್ನಾಕರ, ಅದರ ಒಡಲಲ್ಲಿ ಬಡಬಾಗ್ನಿಯುಂಟು, ಇಂದ್ರನಿಗೆ ಅಂಜಿ ಅಡಗಿದ ಮೈನಾಕವುಂಟು, ತಿಮಿಯನ್ನು ನುಂಗುವ ತಿಮಿಂಗಿಲವುಂಟು. ಚಂದ್ರನನ್ನು ಕಂಡು ಅದು ಉಬ್ಬುತ್ತದೆ. ನದಿಗಳೆಲ್ಲ ಅದರ ಮಡದಿಯರು. ಎಷ್ಟು ನದಿ ಬಂದರೂ ಅದು ತುಂಬದು, ಎಷ್ಟು ತೆಗೆದರೂ ಅದು ಬರಿದಾಗದು. ಈ ವರ್ಣನೆಗಳಲ್ಲಿ ಅದ್ಭುತರಸವಿದೆ, ಗಾಂಭೀರ್ಯವಿದೆ. ಆದರೆ ಇಲ್ಲಿ ಕಡಲಿಗೆ ನಡು ಇದೆ, ಆಳ ಇದೆ, ಅಂಚಿಲ್ಲ. ತೀರವೆಂದು ಬಂದಲ್ಲಿಯೂ ಅದು ಮುತ್ತು ಹವಳಗಳು ಚೆಲ್ಲಿದ ತೀರ, ತಾಳೆ ಹೊನ್ನೆಗಳ ತಣ್ಣೆಳಲ ತೀರ. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ದಿನಕ್ಕೆ ಎರಡು ಸಲ ಒಂದರೊಳಗೊಂದು ಹೊಕ್ಕು ಹೊರಡುವ ಅಳಿವೆಯ ಕೆಸರು ಆ ವಾಡಿಕೆಯೊಳಗೆ ಸೇರಲಿಲ್ಲ. ಆ ಕೆಸರಿನಲ್ಲಿ ಬೆಳೆಯುವ ಗಿಡವೂ ಸೇರಲಿಲ್ಲ.

ಆ ಗಿಡವನ್ನು ಕರಾವಳಿಯ ಜನ ಕಾಂಡ್ಲಾ ಎನ್ನುತ್ತಾರೆ. ವರ್ಣನೆಗೆ ಅದು ಅಯೋಗ್ಯವೆಂದು ಹೇಳುವಂತಿಲ್ಲ. ಒಂದು ಬಗೆಯ ಕಾಂಡ್ಲಾ ಊರುಗೋಲಿನಂಥ ಬೇರುಗಳ ಮೇಲೆ ನೀರಿನಿಂದ ಎದ್ದು ನಿಂತಿರುತ್ತದೆ. ಮತ್ತೊಂದು ಬಗೆ ಕೆಸರಿನಿಂದ ಮೇಲಕ್ಕೆ ಬೆರಳುಗಳಂತೆ ಉಸಿರುಬೇರುಗಳನ್ನು ಚಾಚುತ್ತದೆ. ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ಒಂದು ಗೇಣು ಉದ್ದದ ಸಸಿಯಾಗಿ, ಬಳಿಕ ಕಳಚಿ ಕೆಸರಿಗೆ ನಾಟುತ್ತದೆ, ಇಲ್ಲವೆ ತೇಲಿ ಬೇರೆ ದಡ ಹಿಡಿಯುತ್ತದೆ. ಉತ್ಪ್ರೇಕ್ಷೆಗೂ ಶ್ಲೇಷೆಗೂ ಇದಕ್ಕಿಂತ ಒಳ್ಳೆಯ ವಸ್ತು ಯಾವ ಕವಿಗೆ ಬೇಕು? ತಮಿಳರ ಸಂಗಮಕಾವ್ಯ ಕಡಲಂಚನ್ನು ನೆಯ್ದಲ್ ಎಂಬ ಪ್ರತ್ಯೇಕ ತಿಣೆಯಾಗಿ ಪರಿಗಣಿಸಿ ಮೀನುಗಾರರನ್ನೂ ಉಪ್ಪು ಮಾರುವವರನ್ನೂ ಅಲ್ಲಿಗೆ ತಂದಿತು. ಕಂಡಲ್ ಗಿಡವೂ ಆ ಕಾವ್ಯದಲ್ಲಿ ಬರುತ್ತದೆ. ತಮಿಳಿನ ಕಂಡಲ್, ಮಲೆಯಾಳದ ಕಂಡಲ್, ಕನ್ನಡದ ಕಾಂಡ್ಲಾ ಒಂದೇ ಮೂಲದವೆಂದು ತೋರುತ್ತದೆ. ಹದಿನೇಳನೆಯ ಶತಮಾನದಲ್ಲಿ ಡಚ್ ಅಧಿಕಾರಿ ವಾನ್ ರೀಡೆ ಸಂಪಾದಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದಲ್ಲಿ ಈ ಹೆಸರು ದಾಖಲೆಯಾಯಿತು. ಅಲ್ಲಿಂದ ಲಿನೇಯಸನ ಲ್ಯಾಟಿನ್ನಿಗೆ ಹೋಯಿತು. ಇಂದಿಗೂ ಒಂದು ಕಾಂಡ್ಲಾ ಜಾತಿಗೆ ಶಾಸ್ತ್ರದಲ್ಲಿ ಕಾಂಡೇಲಿಯ ಕಾಂಡೆಲ್ ಎಂದೇ ಹೆಸರು. ದ್ರಾವಿಡದ ಒಂದು ಕೆಸರುಗಿಡದ ಹೆಸರು ಯೂರೋಪಿನ ಶಾಸ್ತ್ರಕ್ಕೆ ಸೇರಿತು, ಕನ್ನಡದ ಪದ್ಯಕ್ಕೆ ಸೇರುವುದು ಕಷ್ಟವಾಯಿತು.

ವರ್ಣನೆಯ ಪ್ರಯೋಜನ ರಸ, ಭೂಗೋಳದ ಪಾಠವಲ್ಲ, ಕವಿಯಲ್ಲಿ ಒಂದು ಗಿಡವಿಲ್ಲವೆಂದು ದೂರುವುದು ವಿಮರ್ಶೆಯಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಹಳೆಯ ಕವಿಯ ಮೇಲೆ ಇಲ್ಲಿ ಯಾವ ಆರೋಪವೂ ಇಲ್ಲ. ಆದರೆ ರೂಪಕವು ಕಾವ್ಯದಿಂದ ಹೊರಬಿದ್ದು ಲೋಕವ್ಯವಹಾರದಲ್ಲಿ ನಂಬಿಕೆಯಾಗಿ ನಡೆಯತೊಡಗಿದಾಗ ಅದನ್ನು ಪರೀಕ್ಷಿಸುವ ಹೊಣೆ ವಿಮರ್ಶಕನದೇ. ಬರಿದಾಗದ ಕಡಲೆಂಬ ಭಾವನೆ ಭಾರತದ ಕವಿಗಳದು ಮಾತ್ರವಲ್ಲ. 1883ರಲ್ಲಿ ಲಂಡನ್ನಿನ ಮೀನುಗಾರಿಕೆಯ ಪ್ರದರ್ಶನದಲ್ಲಿ ಮಾತನಾಡಿದ ಪ್ರಾಣಿಶಾಸ್ತ್ರಜ್ಞ ಥಾಮಸ್ ಹಕ್ಸ್ಲಿ, ಹೆರಿಂಗ್, ಬಂಗುಡೆ ಮೊದಲಾದ ದೊಡ್ಡ ಕಡಲಮೀನುಗಾರಿಕೆಗಳು ತೀರದ ಸಂಪತ್ತೆಂದು ಅಭಿಪ್ರಾಯಪಟ್ಟನು. ಅಂದಿನ ಮೀನುಹಿಡಿಯುವ ವಿಧಾನಗಳಿಗೆ ಸಂಬಂಧಿಸಿದಂತೆ ಎಂಬ ಒಂದು ನಿರ್ಬಂಧವನ್ನೂ ಅವನು ಸೇರಿಸಿದ್ದನು. ಲೋಕ ಮೊದಲ ಭಾಗವನ್ನು ನೆನಪಿಟ್ಟುಕೊಂಡು ನಿರ್ಬಂಧವನ್ನು ಮರೆಯಿತು. ಶಾಸ್ತ್ರಜ್ಞನ ಬಾಯಲ್ಲಿಯೂ ರತ್ನಾಕರವೇ ಮಾತನಾಡಿತೆನ್ನಬೇಕು.

ಆ ನಿರ್ಬಂಧ ಕನ್ನಡ ಕರಾವಳಿಯಲ್ಲಿ ಮುರಿದ ಬಗೆ ಹೀಗೆ. ಇಲ್ಲಿನ ಹಳೆಯ ದೊಡ್ಡ ಬಲೆ ರಂಪಣಿ. ಬಲೆಯ ಒಂದು ತುದಿಯನ್ನು ದಡದಲ್ಲಿ ಹಿಡಿದು, ದೋಣಿಯಲ್ಲಿ ಉಳಿದುದನ್ನು ಕಡಲಿನೊಳಕ್ಕೆ ಬಿಲ್ಲಿನಂತೆ ಇಳಿಸಿ ತಂದು, ಎರಡು ತುದಿಗಳನ್ನೂ ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು; ಸಿಕ್ಕಿದ ಬಂಗುಡೆ, ಬೂತಾಯಿಗಳು ಪಾಲಾಗುತ್ತಿದ್ದವು. ಮೀನು ದಡಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಬಲೆಗೆ ದಡವೇ ಎಲ್ಲೆ. ಯಂತ್ರದೋಣಿಗಳೂ ತಳವನ್ನು ಬಾಚುವ ಟ್ರಾಲ್ ಬಲೆಗಳೂ ಬಂದ ಮೇಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದ ಮೇಲಂತೂ, ಬಲೆಯೇ ಮೀನನ್ನು ಅರಸಿ ಹೋಗಿ ಹಿಂಡನ್ನು ಸುತ್ತುಗಟ್ಟಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆಗೆ ಸೇರಿತು. ಬಂಗುಡೆ ಬೂತಾಯಿಗಳ ಏರಿಳಿತಕ್ಕೆ ಮಳೆಗಾಲದ ಗುಣವೂ ಕಾರಣವಾದುದರಿಂದ ಎಲ್ಲವನ್ನೂ ಬಲೆಯ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಸರಕಾರವೇ ಎಲ್ಲೆಯೊಂದನ್ನು ಮತ್ತೆ ಕಟ್ಟಬೇಕಾಯಿತೆಂಬುದು ಸತ್ಯ: 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದಿತು, ಈಗ ಪಡುವಣ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದೋಣಿಗಳಿಗೆ ನಿಷೇಧವಿದೆ.

ನಡುಗಡಲಿನ ಬಲೆಗೂ ಅಳಿವೆಯ ಗಿಡಕ್ಕೂ ಏನು ಸಂಬಂಧವೆಂದು ಒಳನಾಡಿನ ಓದುಗ ಕೇಳುವುದು ಸಹಜ. ಸಂಬಂಧ ಎರಡು ದಾರಿಗಳಲ್ಲಿ ಬರುತ್ತದೆ. ಕಾಂಡ್ಲಾದ ಎಲೆ ಕೆಸರಿಗೆ ಬಿದ್ದು ಕೊಳೆಯುತ್ತದೆ. ಆ ಕೊಳೆತದ್ದು ಏಡಿಗೆ, ಸಿಗಡಿಗೆ, ಸಣ್ಣ ಹುಳುಗಳಿಗೆ ಆಹಾರ. ಅವನ್ನು ತಿಂದು, ಬೇರುಗಳ ಜಾಲದಲ್ಲಿ ದೊಡ್ಡ ಮೀನಿನ ಬಾಯಿಗೆ ಸಿಕ್ಕದೆ, ಎಷ್ಟೋ ಜಾತಿಯ ಮೀನುಮರಿಗಳೂ ಸಿಗಡಿಮರಿಗಳೂ ಬೆಳೆಯುತ್ತವೆ. ಬೆಳೆದ ಮೇಲೆ ಕಡಲಿಗೆ ಇಳಿಯುತ್ತವೆ. ಅಳಿವೆಯಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಿ ಮರಿಗಳನ್ನೇ ಬಾಚಿದರೆ ಮುಂದಿನ ವರ್ಷದ ಕಡಲನ್ನು ಇಂದೇ ಬಾಚಿದಂತೆ. ಇದು ಒಂದು ದಾರಿ. ಎರಡನೆಯದು ಹೆಚ್ಚು ವಕ್ರವಾದದ್ದು. ಟ್ರಾಲ್ ಬಲೆಯಲ್ಲಿ ಬೇಡದ ಸಣ್ಣ ಮೀನೂ ಎಳೆಮೀನೂ ಬರುತ್ತವೆ. ಅವು ಕಾರ್ಖಾನೆಯಲ್ಲಿ ಮೀನುಹಿಟ್ಟಾಗುತ್ತವೆ. ಮೀನುಹಿಟ್ಟು ಸಾಕಿದ ಸಿಗಡಿಗೆ ಮೇವಾಗುತ್ತದೆ. ಸಿಗಡಿಯ ಹೊಂಡಗಳನ್ನು ತೋಡಿದ್ದು ಎಷ್ಟೋ ಕಡೆ ಕಾಂಡ್ಲಾ ಕಡಿದ ನೆಲದಲ್ಲಿ. ಕಡಲಿನ ಮರಿಯನ್ನು ಪುಡಿಮಾಡಿ, ಮರಿಗಳ ತೊಟ್ಟಿಲನ್ನು ಕಡಿದ ಜಾಗದಲ್ಲಿ ಸುರಿದಂತಾಯಿತು. ಸಮುದ್ರಮಥನದ ಕಥೆಯನ್ನು ಪಾಠ ಹೇಳುವವರು ರತ್ನಗಳ ಎಣಿಕೆಯಲ್ಲಿ ತೊಡಗಿ, ಕಡೆಯುವಾಗ ಹಾಲಾಹಲವೂ ಎದ್ದಿತೆಂಬುದನ್ನು ಬೇಗ ದಾಟಿಬಿಡುತ್ತಾರೆ.

ಅಘನಾಶಿನಿಯ ಅಳಿವೆಯನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಅಣೆಕಟ್ಟಿಲ್ಲದೆ ಹರಿದು ಕುಮಟೆಯ ಬಳಿ ಕಡಲು ಸೇರುವ ಈ ಹೊಳೆಯ ಕೊನೆಯಲ್ಲಿ ಗಜನಿ ಎಂಬ ಭೂಮಿಗಳುಂಟು. ಮಣ್ಣಿನ ಒಡ್ಡು ಕಟ್ಟಿ, ಬಾಗಿಲುಗಳಿಂದ ಉಬ್ಬರದ ನೀರನ್ನು ಒಳಕ್ಕೆ ಬಿಡುತ್ತಲೂ ಇಳಿತದಲ್ಲಿ ಹೊರಕ್ಕೆ ಬಿಡುತ್ತಲೂ, ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗವೆಂಬ ಭತ್ತವನ್ನು ಅಲ್ಲಿ ಬೆಳೆಯುತ್ತಿದ್ದರು. ಕೊಯ್ಲಾದ ಬಳಿಕ ಕೂಳೆಯ ನಡುವೆ ನೀರು ನಿಂತು ಮೀನೂ ಸಿಗಡಿಯೂ ತಾವಾಗಿ ಬೆಳೆಯುತ್ತಿದ್ದವು. ಒಡ್ಡಿನ ಹೊರಮೈಯಲ್ಲಿ ಕಾಂಡ್ಲಾ ನಿಂತು ಅಲೆಯ ಪೆಟ್ಟನ್ನು ತಡೆಯುತ್ತಿತ್ತು. ಒಂದೇ ಹೊಲ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಕೆರೆ. ಸಿಗಡಿಗೆ ಪರದೇಶದ ಬೆಲೆ ಬಂದಾಗ ಈ ಹೊಂದಿಕೆ ಕಳಚಿತು. ಗಜನಿಗಳು ಸಿಗಡಿಯವರಿಗೆ ಗೇಣಿಗೆ ಹೋದವು, ಕಗ್ಗ ಹಿಂದೆ ಸರಿಯಿತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ದೇಶದ ಸಿಗಡಿಹೊಂಡಗಳನ್ನು ಹಾಳುಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಸಿಗಡಿ ಉದ್ಯಮದ ಹೊಂಡಗಳು ಕೂಡದೆಂದು ತೀರ್ಪಿತ್ತು, ಸಂಪ್ರದಾಯದ ಬಗೆಯ ಸಾಕಣೆಗೆ ಎಡೆಯಿಟ್ಟಿತು. ರೋಗ ಬಂದು ಹೊಂಡ ಬಿಟ್ಟುಹೋದರೂ ಭತ್ತ ಒಡನೆ ಮರಳಲಿಲ್ಲ. ಒಡ್ಡನ್ನು ಒಟ್ಟಾಗಿ ಕಾಯುವ ಊರಿನ ಕಟ್ಟುಪಾಡು ಒಮ್ಮೆ ಸಡಿಲಿದರೆ ಬಿಗಿಯುವುದು ಕಷ್ಟ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆತಿದೆ. ಭಾರತ ಅರಣ್ಯ ಸಮೀಕ್ಷೆಯ 2019ರ ವರದಿಯಂತೆ ದೇಶದಲ್ಲಿ 4,975 ಚದರ ಕಿಲೋಮೀಟರು ಕಾಂಡ್ಲಾ ವನವಿದ್ದು, ಸುಮಾರು 300 ಕಿಲೋಮೀಟರು ಕಡಲಂಚುಳ್ಳ ಕರ್ನಾಟಕದ ಪಾಲು 10 ಚದರ ಕಿಲೋಮೀಟರು ಮಾತ್ರ. ಅಳತೆಯಲ್ಲಿ ಒಂದು ದೊಡ್ಡ ಊರಿನ ಎಲ್ಲೆಯೊಳಗೆ ಅಡಗುವಷ್ಟು.

ಗಜನಿಯ ಈ ವಿವರವನ್ನು ಕುಣಿಗಲಿನ ಓದುಗನಿಗೆ ಹೇಳಿದರೆ ಅವನು ತಬ್ಬಿಬ್ಬಾಗನು. ಏರಿ, ತೂಬು, ಕೋಡಿ, ನೀರುಗಂಟಿ ಇವುಗಳ ನಡುವೆ ಬೆಳೆದವನಿಗೆ ನೀರೆಂದರೆ ಅಳತೆಯುಳ್ಳದ್ದು, ಬತ್ತುವಂಥದ್ದು, ಸರದಿಯಿಂದ ಹಂಚಬೇಕಾದದ್ದು. ಜನಪದದ ಕುಣಿಗಲ್ ಕೆರೆಯ ಪದವನ್ನು ಈ ದೃಷ್ಟಿಯಿಂದ ನೋಡಬೇಕು. ಅಲ್ಲಿಯೂ ಚಂದ್ರೋದಯವಿದೆ, ಆದರೆ ಅದು ಲಾಕ್ಷಣಿಕರ ಪಟ್ಟಿಯ ಚಂದ್ರೋದಯವಲ್ಲ, ಏರಿಯ ಮೇಲೆ ನಿಂತವರ ಚಂದ್ರೋದಯ. ತುಂಬಿದ ಕೆರೆಯನ್ನು ಆ ಹಾಡು ಮನೆಯ ಹಣ್ಣುಗಳಿಗೆ ಹೋಲಿಸುತ್ತದೆ; ರತ್ನಕ್ಕಲ್ಲ. ರತ್ನವನ್ನು ತೆಗೆದುಕೊಂಡು ಹೋಗಬಹುದು, ಹಣ್ಣಿಗೆ ಕಾಲ ಬರಬೇಕು. ಉಪಮಾನದ ಈ ಆಯ್ಕೆಯಲ್ಲಿಯೇ ನೀರಿನ ಬಗೆಗಿನ ಒಂದು ಸಂಪೂರ್ಣ ತಿಳಿವಳಿಕೆ ಅಡಗಿದೆ. ಇದಕ್ಕೆ ಜೊತೆಯಾಗಿ ಓದಬೇಕಾದದ್ದು ಕೆರೆಗೆ ಹಾರವೆಂಬ ಕಥನಗೀತ. ಅಲ್ಲಿ ಕೆರೆಗೆ ನೀರು ಬರುವುದಕ್ಕೆ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಆ ಬಲಿಯನ್ನು ಗೀತ ಮೆಚ್ಚುವುದೋ ಖಂಡಿಸುವುದೋ ಎಂಬ ಚರ್ಚೆ ಹಳೆಯದು. ಇಲ್ಲಿ ಬೇಕಾದದ್ದು ಇಷ್ಟೆ. ನೀರಿಗೆ ಬೆಲೆಯುಂಟು, ಅದನ್ನು ತೆತ್ತವರು ಯಾರು ಎಂಬುದನ್ನು ಆ ಗೀತ ಹೆಸರುಹಿಡಿದು ಹೇಳುತ್ತದೆ. ರತ್ನಾಕರದ ವರ್ಣನೆಯಲ್ಲಿ ಬೆಲೆ ತೆತ್ತವರ ಹೆಸರು ಬರುವುದಕ್ಕೆ ಜಾಗವೇ ಇಲ್ಲ.

ಹಾಗೆಂದು ಮಾರ್ಗಕಾವ್ಯದಲ್ಲಿ ಎಲ್ಲೆಯ ಅರಿವೇ ಇಲ್ಲವೆಂದು ತೀರ್ಮಾನಿಸಿದರೆ ಅದೂ ದುಡುಕು. ಸಂಸ್ಕೃತದ ವೇಲಾ ಎಂಬ ಶಬ್ದಕ್ಕೆ ಉಬ್ಬರವೆಂದೂ ದಡವೆಂದೂ ಎಲ್ಲೆಯೆಂದೂ ಕಾಲವೆಂದೂ ಅರ್ಥಗಳುಂಟು. ಕನ್ನಡದ ವೇಳೆ ಅದರಿಂದಲೇ ಬಂದದ್ದು. ಕಡಲು ತನ್ನ ವೇಲೆಯನ್ನು ಮೀರದು ಎಂಬುದನ್ನು ಕವಿಗಳು ಮಹಾಪುರುಷರ ಮರ್ಯಾದೆಗೆ ಉಪಮಾನವಾಗಿ ಮತ್ತೆ ಮತ್ತೆ ತಂದಿದ್ದಾರೆ. ಹೀಗೆ ಕಾವ್ಯದಲ್ಲಿ ಎರಡು ಕಡಲುಗಳುಂಟು: ಕೊಳ್ಳುವವನ ರತ್ನಾಕರವೊಂದು, ಎಲ್ಲೆಯನ್ನು ತಿಳಿದ ಕಡಲೊಂದು. ತರಗತಿಯಲ್ಲಿ ಮೊದಲನೆಯದಕ್ಕೆ ಸಿಕ್ಕುವ ಕಾಲಾವಕಾಶ ಎರಡನೆಯದಕ್ಕೆ ಸಿಕ್ಕದಿರುವುದು ಕವಿಯ ತಪ್ಪಲ್ಲ.

ಕಡಲಂಚು ಕನ್ನಡ ಗದ್ಯದಲ್ಲಿ ವಾಸಸ್ಥಳವಾಗಿ ಗಟ್ಟಿಯಾಗಿ ನಿಂತದ್ದು 1941ರಲ್ಲಿ ಬಂದ ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯಲ್ಲಿ. ಕೋಟದಲ್ಲಿ ಹುಟ್ಟಿದ ಕಾರಂತರು ಆರಿಸಿಕೊಂಡ ಸ್ಥಳ ಕೋಡಿ. ಪಡುವಲಲ್ಲಿ ಕಡಲು, ಮೂಡಲಲ್ಲಿ ಹೊಳೆ, ನಡುವೆ ಒಂದು ಪಟ್ಟಿ ನೆಲ. ಮೂರು ತಲೆಮಾರಿನ ಕಥೆಯಲ್ಲಿ ಈ ನೆಲ ಹಿನ್ನೆಲೆಯಾಗಿ ಉಳಿಯದೆ ಪಾತ್ರಗಳ ಮೈಗೆ ತಾಗುತ್ತದೆ. ಪಾರೋತಿ, ಸರಸೋತಿಯರು ಗೇಯುವುದು ಆ ಮಣ್ಣಿನಲ್ಲಿ. ಮಳೆಗಾಲದ ಹೊಳೆ ಅವರಿಗೆ ಭಯವೂ ಹೌದು, ಸೌದೆ ತರುವ ದಾರಿಯೂ ಹೌದು. ಅಷ್ಟಾದಶವರ್ಣನೆಯ ಕಡಲಿನಲ್ಲಿ ಯಾರೂ ಸೌದೆ ಆಯುವುದಿಲ್ಲ. ಕಾರಂತರು ಕಡಲನ್ನು ನಡುವಿನಿಂದ ಅಂಚಿಗೆ ತಂದರು. ಇದು ವಿಷಯಾಂತರವಲ್ಲ, ಕಾವ್ಯಲಕ್ಷಣದಲ್ಲಿಯೇ ಆದ ಬದಲಾವಣೆ.

ಆದರೆ ಈ ಕಾದಂಬರಿಯ ದೃಷ್ಟಿಗೂ ಒಂದು ಮಿತಿಯುಂಟು. ಕೋಡಿಯನ್ನು ಅದು ರಾಮ ಐತಾಳರ ಮನೆಯ ಜಗಲಿಯಿಂದ ನೋಡುತ್ತದೆ. ಗದ್ದೆಯುಳ್ಳ, ಪೌರೋಹಿತ್ಯವುಳ್ಳ ಮನೆ ಅದು. ಬಲೆ ಹಿಡಿದವರ ಕಡಲು ಅದರ ಕಥೆಯ ಕೇಂದ್ರವಲ್ಲ. ಹಣದ ಸೆಳೆತ ಅಲ್ಲಿಗೆ ಬರುವುದೂ ಬೆಂಗಳೂರಿನ ಹೋಟೆಲಿನ ದಾರಿಯಾಗಿ. ಕಡಲನ್ನೇ ಸರಕಾಗಿಸುವ ವ್ಯಾಪಾರ ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ. ಬಾರದುದನ್ನು ಬರೆಯಲಿಲ್ಲವೆಂದು ಕಾರಂತರನ್ನು ದೂರುವುದು ಅಸಂಗತ. ಆದರೆ ಮಣ್ಣಿಗೆ ಮರಳುವುದೆಂಬ ಆ ಶೀರ್ಷಿಕೆಯ ಭರವಸೆ ಮಣ್ಣು ಇದ್ದಲ್ಲಿಯೇ ಇರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಮೊಮ್ಮಗ ರಾಮನಿಗೆ ಹಿಂತಿರುಗಲು ಗದ್ದೆಯಿತ್ತು. ಸಿಗಡಿಗೆ ಗೇಣಿಹೋಗಿ ಉಪ್ಪು ಹಿಡಿದ ಗಜನಿಯ ಮೊಮ್ಮಗ ಯಾವ ಮಣ್ಣಿಗೆ ಮರಳಬೇಕು? 1941ರ ಕೃತಿಯನ್ನು ಇಂದು ಪಾಠಹೇಳುವಾಗ ಈ ಪ್ರಶ್ನೆಯನ್ನು ಕೃತಿಯ ಹೊರಗಣದೆಂದು ಬಿಡುವಂತಿಲ್ಲ. ಅದು ಶೀರ್ಷಿಕೆಯೊಳಗಿಂದಲೇ ಏಳುತ್ತದೆ.

ಒಳನಾಡಿಗೆ ಇದೆಲ್ಲ ದೂರದ ಮಾತೆಂಬುದೂ ಪೂರ್ತಿ ನಿಜವಲ್ಲ. ಶಿಂಷೆಯ ನೀರು ಕಾವೇರಿಯಾಗಿ ಹರಿದು ತಲುಪುವ ನದೀಮುಖಜ ಭೂಮಿಯ ಅಂಚುಗಳಲ್ಲಿ ಪಿಚ್ಚಾವರಂ, ಮುತ್ತುಪೇಟೆಗಳ ಕಾಂಡ್ಲಾ ವನಗಳಿವೆ. ಸಿಹಿನೀರು ಕಡಿಮೆಯಾದಷ್ಟೂ ಅಲ್ಲಿ ಉಪ್ಪು ಹೆಚ್ಚುತ್ತದೆ, ಉಪ್ಪು ಹೆಚ್ಚಿದಷ್ಟೂ ಗಿಡ ಕುಗ್ಗುತ್ತದೆ. ಗುಬ್ಬಿಯ ಕೆರೆಯ ಕೋಡಿ ಬೀಳುವುದಕ್ಕೂ ಅಲ್ಲಿನ ಸಿಗಡಿಮರಿಗೂ ನಡುವೆ ಒಂದು ಎಳೆ ಇದೆ, ತೀರ ಸಣ್ಣದಾದರೂ. ಇತ್ತ ಕೆರೆಗಳ ಮೀನು ಕೂಡ ಇಂದು ಹರಾಜಿನ ಮೀನು. ಕಾಟ್ಲ, ರೋಹುಗಳನ್ನು ಬಿತ್ತಿ ಹಿಡಿಯುವ ವ್ಯಾಪಾರದಲ್ಲಿ ಊರಿನ ಸಣ್ಣ ಮೀನುಗಳಿಗೂ ದಡದ ಜೊಂಡಿಗೂ ಲೆಕ್ಕವಿಲ್ಲ. ಕುಣಿಗಲ್ ಕೆರೆಯನ್ನು ಹಾಡಿದ ನಾಡಿಗೂ ರತ್ನಾಕರ ಹೀಗೆ ಬೇರೆ ವೇಷದಲ್ಲಿ ಬಂದಿದೆ.

ಕೊನೆಗೆ ಒಂದು ಶಬ್ದವಿಚಾರ. ತುಮಕೂರಿನ ಸೀಮೆಯಲ್ಲಿ ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗ. ಕಾರಂತರ ಕೋಡಿ ಊರಿನ ಹೆಸರು. ಹೊಳೆ ಕಡಲಿಗೆ ಸೇರುವ ಕಡೆ ಚಾಚಿಕೊಂಡ ನೆಲಕ್ಕೆ ಕರಾವಳಿಯಲ್ಲಿ ಆ ಹೆಸರು ಹಲವೆಡೆ ಉಂಟು. ಮರಳಿ ಮಣ್ಣಿಗೆಯನ್ನು ಇಲ್ಲಿನ ವಿದ್ಯಾರ್ಥಿ ಓದತೊಡಗಿದಾಗ ಮೊದಲ ಪುಟಗಳಲ್ಲಿ ಅವನು ಹುಡುಕುವುದು ಕೆರೆಯನ್ನು. ಟಿಪ್ಪಣಿಕಾರರು ‘ಒಂದು ಊರು’ ಎಂದು ಬರೆದು ಮುಂದೆ ಹೋಗುತ್ತಾರೆ. ಎರಡು ಅರ್ಥಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಕಾಂಡ್ಲಾ, ಗಜನಿ, ಅಳಿವೆ, ರಂಪಣಿ ಎಂಬ ನಾಲ್ಕು ಮಾತುಗಳಿಗೂ ಒಂದೊಂದು ಸಾಲು ಕೊಟ್ಟರೆ ಪುಸ್ತಕದ ಅರ್ಧ ಪುಟ ಸಾಕು.